ಪರೀಕ್ಷೆ ಹತ್ತಿರ ಬಂತು, ನಿದ್ದೆ ಎಲ್ಲಿಗೆ ಹೋಯ್ತು?

ಮಾರ್ಚ್ ಬಂದರೆ ಕೊಡಗಿನಲ್ಲಿ ದೊಡ್ಡವರಿಗೆ ಕಾಫಿ ಗಿಡ ಹೂ ಬಿಡಿಸುವ ಹೂಮಳೆಯ ಚಿಂತೆ, ಮಕ್ಕಳಿಗೆ ಪರೀಕ್ಷೆಯ ಚಿಂತೆ. ನನ್ನ ಮಗಳು ಪಿಯುಸಿಯಲ್ಲಿದ್ದಾಗ ರಾತ್ರಿ ಹನ್ನೆರಡಾದರೂ ಪುಸ್ತಕ ಬಿಟ್ಟು ಏಳುತ್ತಿರಲಿಲ್ಲ. ಪಕ್ಕದಲ್ಲಿ ಫ್ಲಾಸ್ಕ್ ತುಂಬಾ ಬೆಲ್ಲದ ಕಾಫಿ. ಕೆಮಿಸ್ಟ್ರಿ ಪುಸ್ತಕದ ಒಂದೇ ಸಾಲಿಗೆ ಮೂರು ಸಲ ಗೆರೆ ಎಳೆದಿದ್ದಳು, ಅದರಲ್ಲಿ ಏನಿದೆ ಅಂತ ಕೇಳಿದರೆ ಹೇಳೋಕೆ ಆಗಲಿಲ್ಲ. ಓದಿದ್ದು ತಲೆಯಲ್ಲಿ ಗಟ್ಟಿಯಾಗುವುದೇ ನಿದ್ದೆಯಲ್ಲಿ, ಅದನ್ನೇ ಬಿಟ್ಟರೆ ಹೇಗೆ?

ಕಾಫಿಯಿಂದಲೇ ಶುರು ಮಾಡಿ. ಎಚ್ಚರವಿದ್ದಷ್ಟೂ ಹೊತ್ತು ಮೆದುಳಿನಲ್ಲಿ ಅಡೆನೋಸಿನ್ ಅನ್ನುವ ರಾಸಾಯನಿಕ ಸೇರುತ್ತಾ ಹೋಗುತ್ತದೆ, ಜಾಸ್ತಿಯಾದಾಗ ನಿದ್ದೆ ಎಳೆಯುತ್ತದೆ. ಕಾಫಿಯಲ್ಲಿರುವ ಕೆಫೀನ್ ಅದರ ಜಾಗದಲ್ಲಿ ಹೋಗಿ ಕೂರುತ್ತದೆ. ಸುಸ್ತು ಹೋಗಿರುವುದಿಲ್ಲ, ಗೊತ್ತಾಗುವುದಿಲ್ಲ ಅಷ್ಟೇ. ಕುಡಿದದ್ದರಲ್ಲಿ ಅರ್ಧ ಕೆಫೀನ್ ಮೈಯಿಂದ ಹೋಗಲು ಸುಮಾರು 5 ಗಂಟೆ ಬೇಕು, ಅಂದರೆ ರಾತ್ರಿ 9ಕ್ಕೆ ಕುಡಿದದ್ದು 2 ಗಂಟೆಗೂ ಅರ್ಧ ಉಳಿದಿರುತ್ತದೆ. ಮನೆಯ ಪುಡಿ ರೊಬಸ್ಟಾ ಕಾಫಿಯದ್ದಾಗಿದ್ದರಂತೂ ಅರೇಬಿಕಾ ಕಾಫಿಗಿಂತ ಹೆಚ್ಚುಕಮ್ಮಿ ಎರಡು ಪಟ್ಟು ಕೆಫೀನ್. ಹಾಗಾಗಿ ಮಧ್ಯಾಹ್ನ 2ರ ಮೇಲೆ ಕಾಫಿ ಬೇಡ. ಸಂಜೆ ಕೇಳಿದರೆ ಬಿಸಿ ಹಾಲು ಕೊಡಿ.

ಆಮೇಲೆ ಮೊಬೈಲ್. ಮಲಗುವ ಒಂದು ಗಂಟೆ ಮುಂಚೆ ಅದನ್ನು ಹಾಲ್‌ನಲ್ಲಿ ಚಾರ್ಜಿಗೆ ಹಾಕಿ. ಬೆಳಕು ನಿದ್ದೆ ತರಿಸುವ ಮೆಲಟೋನಿನ್ನನ್ನು ತಡೆಯುತ್ತದೆ ನಿಜ, ಆದರೆ ನನ್ನ ಪ್ರಕಾರ ಅದಕ್ಕಿಂತ ಕೆಟ್ಟದ್ದು ಕ್ಲಾಸ್ ಗ್ರೂಪಿನಲ್ಲಿ ಹನ್ನೊಂದು ಗಂಟೆಗೆ ಬರುವ 'ನಿಂದು ಎಷ್ಟು ಚಾಪ್ಟರ್ ಆಯ್ತು?' ಅನ್ನುವ ಮೆಸೇಜು. ಏಳುವುದಕ್ಕೆ ಅಲಾರಂ ಗಡಿಯಾರ ಇಟ್ಟರಾಯ್ತು.

ಹಾಸಿಗೆಗೆ ಹೋದ ಮೇಲೂ ಎದೆ ಡವಡವ ಅಂತಿದ್ರೆ ನಾಳೆ ಓದಬೇಕಾದ್ದನ್ನು ಒಂದು ಚೀಟಿಯಲ್ಲಿ ಬರೆದಿಡಲಿ, ನಿಧಾನವಾಗಿ ಉಸಿರು ಬಿಡಲಿ. 20 ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಎದ್ದು ಮಂದ ಬೆಳಕಿನಲ್ಲಿ ಸ್ವಲ್ಪ ಹೊತ್ತು ಕೂತು, ತೂಕಡಿಕೆ ಬಂದಾಗ ಮಲಗಲಿ. ಗಡಿಯಾರ ನೋಡುತ್ತಾ ಹೊರಳಾಡುವುದು ಬೇಡ.

ಈ ವಯಸ್ಸಿನವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ತೋಟದ ಮನೆಯಿಂದ ಮಡಿಕೇರಿಗೋ ವಿರಾಜಪೇಟೆಗೋ ಬೆಳಗಿನ ಬಸ್ಸು ಹಿಡಿಯಲು ಐದೂವರೆಗೆ ಏಳುವವರು ಒಂಬತ್ತೂವರೆಗೇ ಮಲಗಬೇಕಾಗುತ್ತದೆ. ಒಂದೇ ದಿನ ಆಗುವುದಿಲ್ಲ. ಪರೀಕ್ಷೆಗೆ ಎರಡು ವಾರ ಮುಂಚೆಯೇ ಶುರು ಮಾಡಿ, ಮಲಗುವ ಹೊತ್ತನ್ನು ದಿನಾ 15 ನಿಮಿಷ ಮುಂಚೆಗೆ ತನ್ನಿ. ಏಳುವ ಹೊತ್ತು ಮಾತ್ರ ಭಾನುವಾರವೂ ಅದೇ ಇರಲಿ. ಮಧ್ಯಾಹ್ನ ಕಣ್ಣು ಎಳೆದರೆ 20 ನಿಮಿಷ ಮಲಗಲಿ, ಸಂಜೆ ಸುಮ್ನೆ ತೋಟದಲ್ಲಿ ಒಂದು ಸುತ್ತು ಹಾಕಿ ಬರಲಿ.

ಅಪ್ಪ ಅಮ್ಮಂದಿರೇ, ರಾತ್ರಿ ಊಟಕ್ಕೆ ಕೂತಾಗ ಮಾರ್ಕ್ಸ್ ಮಾತು ತೆಗೆಯಬೇಡಿ. ನಿದ್ರೆ ಮಾತ್ರೆ ನೀವಾಗಿಯೇ ಕೊಡಲೇಬೇಡಿ. ವಾರಗಟ್ಟಲೆ ನಿದ್ದೆಯಿಲ್ಲ, ಮಗು ಊಟ ಬಿಡುತ್ತಿದೆ, ಅಳುತ್ತಿದೆ ಅಂದ್ರೆ ಡಾಕ್ಟರ್ ಹತ್ರ ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.