ಹಳೇ ಕಾರಿನ ಟೈರ್ ಸೆನ್ಸರ್ ಬದ್ಲಿ ಮಾಡೋದು, ಆಮ್ಯಾಲೆ ಗಾಡಿಗೆ ಅದರ ಗುರ್ತು ಹಿಡಿಸೋದು

ಮೀಟರ್‌ನಾಗ ಕುದುರಿ ಲಾಳದಂಥಾ ಹಳದಿ ಲೈಟು, ನಡುವ ಒಂದು ಉದ್ಗಾರ ಚಿಹ್ನೆ. ಅದು ಹತ್ತಿತು ಅಂದ್ರ ನಮ್ಮ ಕಡೆ ಎಲ್ಲಾರೂ ಮಾಡೋದು ಒಂದ, ಬಂಕಿಗೆ ಹೋಗಿ ನಾಕೂ ಟೈರಿಗೆ ಗಾಳಿ ಹೊಡಸ್ಕೊಂಡು ಬರೋದು. ಲೈಟ್ ಹೋದ್ರ ಚಲೋ ಆತು, ಹೋಗ್ಲಿಲ್ಲಂದ್ರ ಅದರ ಮ್ಯಾಲೆ ಒಂದು ಕರೇ ಟೇಪು. ನಾನೂ ಕೊಪ್ಪಳದಾಗ ಒಂದು ವರ್ಷ ಹಂಗ ಟೇಪ್ ಹಚ್ಚಿ ಓಡ್ಸೀನಿ, ಸುಳ್ಳ್ಯಾಕ ಹೇಳ್ಲಿ. ಗಾಡಿ 2013ರದು, ಸೆಕೆಂಡ್ ಹ್ಯಾಂಡ್, ಹಳೇ ಓನರ್ ಕೊಡೋ ಮುಂದ "ಆ ಲೈಟು ಸುಮ್ನ ಹತ್ತತೈತ್ರಿ, ತಲಿ ಕೆಡಿಸ್ಕೋಬ್ಯಾಡ್ರಿ" ಅಂದಿದ್ದ. ಸುಮ್ನ ಹತ್ತತಿರಲಿಲ್ಲ, ಟೈರಿನೊಳಗ ಗಾಳಿ ಅಳಿಯೋ ಎರಡು ಸೆನ್ಸರ್ ಸತ್ತು ಹೋಗಿದ್ವು.

ಮೊದ್ಲು ಲೈಟು ಏನ್ ಹೇಳಾಕತ್ತೈತಿ ಅಂತ ನೋಡ್ರಿ. ಚಾವಿ ತಿರುವಿದ ಕೂಡ್ಲೆ ಹತ್ತಿ ಹಂಗ ನಿಂತ್ರ ಯಾವುದೋ ಟೈರಿನ್ಯಾಗ ಗಾಳಿ ಕಡಿಮಿ ಐತಿ ಅಂತ ಅರ್ಥ. ಅದ ಲೈಟು ಒಂದು ನಿಮಿಷ, ಒಂದೂವರಿ ನಿಮಿಷ ಮಿಣಕ್ ಮಿಣಕ್ ಅಂದು ಆಮ್ಯಾಲೆ ಆರದ ಹತ್ತೇ ಉಳಿದ್ರ ಗಾಳಿದಲ್ಲ, ಸಿಸ್ಟಮ್ಮಿಂದ ತೊಂದ್ರಿ, ಅಂದ್ರ ಯಾವುದೋ ಸೆನ್ಸರ್ ಮಾತಾಡವಲ್ದು. ಬಹಳ ಗಾಡ್ಯಾಗ ಹಿಂಗ ಇರ್ತೈತಿ. ಮಿಣಕ್ ಅಂತಿದ್ರ ಎಷ್ಟು ಗಾಳಿ ಹಾಕ್ಸಿದ್ರೂ ಹೋಗಂಗಿಲ್ಲ, ಬಂಕಿನ ಹುಡುಗಂಗ ಬೈಬ್ಯಾಡ್ರಿ.

ಇನ್ನೊಂದು, ನಿಮ್ಮ ಗಾಡ್ಯಾಗ ಸೆನ್ಸರ್ ಅದಾವೋ ಇಲ್ಲೋ ಅದನ್ನ ಮೊದ್ಲ ನೋಡ್ಕೋಬೇಕು. ಕೆಲವು ಗಾಡ್ಯಾಗ ಟಿಪಿಎಂಎಸ್ (ಟೈರಿನ ಗಾಳಿ ಮ್ಯಾಲೆ ಕಣ್ಣಿಡೋ ಸಿಸ್ಟಮ್) ಅಂತ ಲೈಟ್ ಇರ್ತೈತಿ ಆದ್ರ ಟೈರಿನೊಳಗ ಏನೂ ಇರಂಗಿಲ್ಲ, ಎಬಿಎಸ್ ಬ್ರೇಕಿನ, ಗಾಲಿ ಸುತ್ತು ಎಣಿಸೋ ಸೆನ್ಸರ್ ನೋಡ್ಕೊಂಡ ಲೆಕ್ಕ ಹಾಕ್ತಾವು, ಗಾಳಿ ಇಳಿದ ಟೈರು ಸ್ವಲ್ಪ ಸಣ್ಣದಾಗಿ ಉಳಿದ ಮೂರಕ್ಕಿಂತ ಜಾಸ್ತಿ ತಿರುಗತೈತಿ, ಅದರ ಮ್ಯಾಲೆ ಕಂಡು ಹಿಡಿತಾವು. ಅಂಥಾ ಗಾಡಿಗೆ ಬದ್ಲಿ ಮಾಡಾಕ ಸೆನ್ಸರ್ರ ಇಲ್ಲ, ನಾಕೂ ಟೈರಿಗೆ ಗಾಳಿ ಸರಿ ಮಾಡಿ ರಿಸೆಟ್ ಬಟನ್ ಒತ್ತಿದ್ರ ಮುಗೀತು. ಸ್ಕ್ರೀನ್ ಮ್ಯಾಲೆ ಒಂದೊಂದು ಟೈರಿಂದು ಬ್ಯಾರೆ ಬ್ಯಾರೆ ಗಾಳಿ ಒತ್ತಡ, ಅಂದ್ರ ಪಿಎಸ್‌ಐ ತೋರ್ಸ್ತಿದ್ರ ಒಳಗ ಸೆನ್ಸರ್ ಅದಾವು ಅಂತ ತಿಳ್ಕೋರಿ. ಗಾಳಿ ಹಾಕೋ ನೆಕ್ಕು ರಬ್ಬರ್ ಬದ್ಲಿ ಅಲ್ಯೂಮಿನಿಯಂದು ಇದ್ದು ಬುಡದಾಗ ನಟ್ ಇದ್ರ ಬಹುಶಃ ಅದಾವು, ಆದ್ರ ರಬ್ಬರ್ ನೆಕ್ಕಿನ ಸೆನ್ಸರ್ರೂ ಬರ್ತಾವು, ಅದಕ್ಕ ಅದೊಂದನ್ನ ನಂಬಬ್ಯಾಡ್ರಿ.

ಸಾಯೋದು ಯಾಕಂದ್ರ ಒಳಗ ಒಂದು ಸಣ್ಣ ಲಿಥಿಯಂ ಸೆಲ್ ಇರ್ತೈತಿ, 5ರಿಂದ 10 ವರ್ಷ ಬರ್ತೈತಿ, ಖಾಲಿ ಆದ್ರ ಬದ್ಲಿ ಮಾಡಾಕ ಬರಂಗಿಲ್ಲ, ಸುತ್ತ ಅಂಟಿನಂಥಾದ್ದು ಹಾಕಿ ಮುಚ್ಚಿರ್ತಾರ. ಬಿಚ್ಚಿ ಸೆಲ್ ಬೆಸುಗೆ ಹಾಕೋರ ವಿಡಿಯೋ ಸಿಗ್ತಾವು, ನಾ ಮಾಡ್ಲಿಲ್ಲ, ನೀವೂ ಬ್ಯಾಡ್ರಿ, 100ರ ಸ್ಪೀಡಿನ್ಯಾಗ ತಿರುಗೋ ಗಾಲಿ ಒಳಗಿನ ಮಾಲದು. ನಾಕೂ ಸೆನ್ಸರ್ ಒಂದ ದಿನ ಕಂಪನ್ಯಾಗ ಕೂಡ್ಸಿದ್ದು ಅಂದ್ರ ಒಂದು ಸತ್ತ ವರ್ಷದಾಗ ಉಳಿದವೂ ಒಂದೊಂದ ಸಾಲು ಹಚ್ತಾವು. ಅದಕ್ಕ ಗಾಡಿ ಎಂಟು ವರ್ಷ ದಾಟಿದ್ರ ನಾಕೂ ಕೂಡೇ ಹಾಕ್ಸಿಬಿಡ್ರಿ, ಅದೂ ಹೊಸ ಟೈರ್ ಹಾಕ್ಸೋ ದಿನಾನ. ಟೈರ್ ಹೆಂಗೂ ಬಿಚ್ಚತಾರ, ಎರಡು ಸಲ ಕೂಲಿ ಯಾಕ. ಮೂರು ವರ್ಷದ ಗಾಡ್ಯಾಗ ಪಂಚರ್ ಹಾಕೋ ಮುಂದ ಒಂದು ಮುರದ್ರ ಮಾತ್ರ ಅದೊಂದ ಸಾಕು.

ತಗೊಳ್ಳೋ ಮುಂದ ಎಡವೋದು ಇಲ್ಲೇ. ಸೆನ್ಸರ್ ರೇಡಿಯೋ ಇದ್ದಂಗ, 315 ಮೆಗಾಹರ್ಟ್ಸ್‌ದು ಒಂದು, 433ರದು ಒಂದು. ನಮ್ಮಲ್ಲಿಯ ಗಾಡ್ಯಾಗ, ಯುರೋಪಿನ ಗಾಡ್ಯಾಗ 433 ಇರ್ತೈತಿ, ಅಮೆರಿಕದ ಬಹಳ ಗಾಡ್ಯಾಗ 315. ಅಮೆರಿಕದಾಗ 2007ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆಲ್ಲ ಇದು ಕಡ್ಡಾಯ, ಅದಕ್ಕ ನೆಟ್‌ನ್ಯಾಗ ಸಿಗೋ ವಿಡಿಯೋ, ಪಾರ್ಟ್ ನಂಬರ್ ಬಹಳಷ್ಟು ಅಲ್ಲಿವ. ಗಾಡಿ ಹೆಸರು ಒಂದ ಐತಿ ಅಂತ ನಾನು ಆ ನಂಬರ್ ನೋಡಿ ಆನ್‌ಲೈನ್‌ನಾಗ ನಾಕು ತರ್ಸಿದೆ, ನಾಕೂ 315. ಚಂದ ಕುಂತ್ವು, ಗಾಳಿ ಹಿಡಿದ್ವು, ಗಾಡಿಗೆ ಮಾತ್ರ ಒಂದೂ ಕೇಳ್ಸಲಿಲ್ಲ. ಟೈರ್ ಮತ್ತ ಬಿಚ್ಚಿಸಿದೆ. ಹಳೇ ಸೆನ್ಸರ್ ಹೊರಗ ತಗದು ಅದರ ಮೈಮ್ಯಾಲೆ ಬರದಿದ್ದನ್ನ ಓದಿ ಆಮ್ಯಾಲೆ ಆರ್ಡರ್ ಮಾಡ್ರಿ, ಫ್ರೀಕ್ವೆನ್ಸಿ, ಪಾರ್ಟ್ ನಂಬರ್, ಐಡಿ (ಆ ಒಂದು ಸೆನ್ಸರಿನ ಗುರ್ತಿನ ನಂಬರ್) ಎಲ್ಲಾ ಸಾಮಾನ್ಯವಾಗಿ ಅಲ್ಲೇ ಇರ್ತಾವು.

ಅಂಗಡ್ಯಾಗ ಎರಡು ನಮೂನಿ ಕೊಡ್ತಾರ. ಒಂದು ಕಂಪನಿದು, ಐಡಿ ಮೊದ್ಲ ಬರದು ಬಂದಿರ್ತೈತಿ. ಇನ್ನೊಂದು ಖಾಲಿ ಸೆನ್ಸರ್, ಟಿಪಿಎಂಎಸ್ ಟೂಲ್‌ನಿಂದ ಅದಕ್ಕ ಗಾಡಿ ಮಾಡಲ್, ವರ್ಷ ಹೇಳಿ ಐಡಿ ಬರೀಬೇಕು. ಹಳೇ ಗಾಡಿಗೆ ನನಗ ಎರಡನೇದ ಚಲೋ ಅನಿಸ್ತು, ಯಾಕಂದ್ರ ಅದರಾಗ ಹಳೇ ಸೆನ್ಸರಿನ ಐಡಿನ ಕಾಪಿ ಹೊಡಿಬಹುದು. ಗಾಡಿ ಕಂಪ್ಯೂಟರಿಗೆ ಸೆನ್ಸರ್ ಬದ್ಲಿ ಆಗೈತಿ ಅನ್ನೋದ ಗೊತ್ತಾಗಂಗಿಲ್ಲ, ಮುಂದ ಗಾಡಿಗೆ ಹೊಸ ಐಡಿ ಕಲಿಸೋ ತ್ರಾಸು ತಪ್ಪತೈತಿ. ಹಳೇದು ಇನ್ನೂ ಜೀವ ಇದ್ರ ಟೂಲ್ ಹಿಡಿದ್ರ ಐಡಿ ಓದ್ತೈತಿ, ಸತ್ತಿದ್ರ ಮೈಮ್ಯಾಲಿನ ನಂಬರ್ ಕೈಲೆ ಹೊಡಿಬೇಕು. ಬರಿಯೋ ಮುಂದ ಉಳಿದ ಖಾಲಿ ಸೆನ್ಸರ್ ದೂರ ಇಡ್ರಿ, ಇಲ್ದಿದ್ರ ಒಂದಕ್ಕ ಬರಿಯೋದು ಇನ್ನೊಂದಕ್ಕ ಹೋದೀತು.

ಈಗ ಬದ್ಲಿ ಮಾಡೋದು. ಮನ್ಯಾಗ ಆಗೋದು ಜಾಕಿ ಹಚ್ಚಿ ಗಾಲಿ ಬಿಚ್ಚೋತನಕ, ಟೈರನ್ನ ಡಿಸ್ಕಿನಿಂದ (ಗಾಲಿಯ ರಿಮ್ಮಿನಿಂದ) ಬಿಡ್ಸಾಕ ಮಷಿನ್ ಇರೋ ಅಂಗಡಿಗೇ ಹೋಗ್ಬೇಕು. ರೋಡ್ ಬಾಜು ಹಾರಿ ಹಾಕಿ ಎಬ್ಬಿಸೋ ಅಂಗಡಿ ಬ್ಯಾಡ. ಅವರ ಕೈಗುಣ ಲಾರಿ ಟೈರಿಗೆ ಭಾರಿ, ಅದರ ಬಗ್ಗೆ ಎರಡು ಮಾತಿಲ್ಲ, ಆದ್ರ ನನ್ನ ಮೊದಲ್ನೇ ಸೆನ್ಸರ್ ಮುರದಿದ್ದು ಅಂಥಾ ಹಾರಿಗೇ. ಕೆಲ್ಸ ಶುರು ಮಾಡೋಕಿಂತ ಮೊದ್ಲ "ಅಣ್ಣಾ, ಒಳಗ ಸೆನ್ಸರ್ ಐತಿ, ನೆಕ್ಕಿನ ಬುಡದಾಗ" ಅಂತ ಹೇಳ್ರಿ, ಹೇಳಿ ಅಲ್ಲೇ ನಿಂದ್ರರಿ, ಚಾ ಕುಡಿಯಾಕ ಹೋಗಬ್ಯಾಡ್ರಿ.

ಗಾಳಿ ಪೂರಾ ಇಳಿಸಿದ ಮ್ಯಾಲೆ ಮಷಿನ್ನಿನ ಸಲಿಕಿಯಂಥಾ ಭಾಗ ಟೈರ್ ಅಂಚು ಒತ್ತತೈತಲ್ಲ, ಅದು ನೆಕ್ಕಿನ ಎದುರು ಬದಿಗೆ ಇರ್ಬೇಕು, ನೆಕ್ಕಿನ ಹತ್ರ ಒತ್ತಿದ್ರ ಸೆನ್ಸರ್ ಚೂರು. ಒಳಗಿನ ಬದಿಗೂ ಹಂಗ. ಟೈರ್ ಬಂದ ಮ್ಯಾಲೆ ಹಳೇ ಸೆನ್ಸರ್ ನಟ್ ಬಿಚ್ಚಿ ತಗೀರಿ, ಕೂಡೋ ಜಾಗ ಬಟ್ಟೀಲೆ ಒರಸ್ರಿ, ಅಲಾಯ್ ಮ್ಯಾಲೆ ಬಿಳಿ ಪುಡಿ ಹಿಡಿದಿದ್ರ ಅದನ್ನೂ ತಗೀರಿ, ಇಲ್ದಿದ್ರ ಗಾಳಿ ಸೋರ್ತೈತಿ. ಅಲ್ಯೂಮಿನಿಯಂ ನೆಕ್ಕಿಂದು ಆದ್ರ ಹೊಸ ರಬ್ಬರ್ ವಾಶರ್, ಹೊಸ ನಟ್ ಹಾಕಿ ಟಾರ್ಕ್ ಪಾನಾದಲೆ ಬಿಗೀಬೇಕು, ಎಷ್ಟು ಅನ್ನೋದು ಸೆನ್ಸರ್ ಜೊತಿ ಬಂದ ಚೀಟ್ಯಾಗ ಇರ್ತೈತಿ, ಬಹಳ ಸಣ್ಣ ಟಾರ್ಕು, 4ರಿಂದ 8 ನ್ಯೂಟನ್ ಮೀಟರ್ ಆಸುಪಾಸು. ಗಾಲಿ ನಟ್ಟಿಗೆ 100 ದಾಟೋ ಗಾಡಿ ಬಹಳ ಅದಾವು, ಅದಕ್ಕ ಹೋಲಿಸಿದ್ರ ಇದು ಏನೂ ಅಲ್ಲ. ಕೈಯಾಗಿನ ಬಲ ತೋರ್ಸೋ ಜಾಗ ಇದಲ್ಲ. ಒಮ್ಮೆ ಬಿಗದ ಮ್ಯಾಲೆ ಸೋರಿದ್ರ ಮತ್ತ ಬಿಗಿಬ್ಯಾಡ್ರಿ, ವಾಶರ್ ಒಮ್ಮೆ ಒತ್ತಿ ಕುಂತಿರ್ತೈತಿ, ಬದ್ಲಿ ಮಾಡೋದ ಉಪಾಯ. ರಬ್ಬರ್ ನೆಕ್ಕಿಂದು ಆದ್ರ ಸೋಪಿನ ನೀರು ಹಚ್ಚಿ ಎಳದು ಕೂಡಸ್ತಾರ.

ನೆಕ್ಕಿನೊಳಗಿನ ಪಿನ್ನು ಅಲ್ಯೂಮಿನಿಯಂ ನೆಕ್ಕಿಗೆ ನಿಕಲ್ ಲೇಪದ್ದ ಬೇಕು. ಅಂಗಡ್ಯಾಗ ಡಬ್ಬಿತುಂಬ ಇರೋ ಹಿತ್ತಾಳಿ ಪಿನ್ನು ಹಾಕಿದ್ರ ಎರಡು ಲೋಹ ಕೂಡಿ ತಿಂದು ಕಚ್ಕೊಂಡು ಬಿಡ್ತಾವು, ತಗಿಯಾಕ ಹೋದ್ರ ನೆಕ್ಕ ಮುರೀತೈತಿ. ಮ್ಯಾಲಿನ ಟೊಪ್ಪಿಗಿನೂ ಪ್ಲಾಸ್ಟಿಕ್ಕಿಂದ ಸಾಕು, ಹೊಳಿಯೋ ಮೆಟಲ್ ಟೊಪ್ಪಿಗಿಗೂ ಇದ ಗತಿ. ಟೈರ್ ವಾಪಸ್ ಕೂಡಸಿದ ಮ್ಯಾಲೆ ಬ್ಯಾಲೆನ್ಸಿಂಗ್ ಮಾಡಸ್ರಿ, ಸೆನ್ಸರ್ರ ಒಂದು 30 ಗ್ರಾಂ ಹತ್ರ ತೂಕ ಇರ್ತೈತಿ.

ಟ್ಯೂಬ್ ಬಗ್ಗೆ ಹೇಳ್ಬೇಕು. ಟ್ಯೂಬ್‌ಲೆಸ್ ಟೈರು ಪದೇ ಪದೇ ಗಾಳಿ ಬಿಟ್ರ "ಒಂದು ಟ್ಯೂಬ್ ಹಾಕಿಬಿಡ್ತೀನ್ರಿ" ಅನ್ನೋರು ನಮ್ಮ ಕಡೆ ಭಾಳ ಮಂದಿ. ಸೆನ್ಸರ್ ಇದ್ದಲ್ಲಿ ಟ್ಯೂಬ್ ಹಿಡಿಸಂಗಿಲ್ಲ, ಸೆನ್ಸರ್ ಕಿತ್ತು ಟ್ಯೂಬ್ ಹಾಕ್ತಾರ, ಸೆಕೆಂಡ್ ಹ್ಯಾಂಡ್ ಗಾಡಿ ತಗೊಂಡವ್ರು ಒಮ್ಮೆ ಬಿಚ್ಚಿ ನೋಡಿಸ್ರಿ, ಸೆನ್ಸರ್ ಸತ್ತಿರಂಗಿಲ್ಲ, ಇರೋದ ಇಲ್ಲ. ಪಂಚರಿಗೆ ಹಾಕೋ ಹಸರ ದ್ರಾವಣನೂ ಸೆನ್ಸರಿನ ಗಾಳಿ ತೂತು ಮುಚ್ಚಬಹುದು. ತಮಾಷಿ ನೋಡ್ರಿ, 2020ರಾಗ ಕೇಂದ್ರ ಸರ್ಕಾರ ಟಿಪಿಎಂಎಸ್ ಮತ್ತ ಪಂಚರ್ ಕಿಟ್ ಎರಡೂ ಇದ್ದ ಕಾರಿಗೆ ಸ್ಟೆಪ್ನಿ ಇಲ್ದಿದ್ರೂ ನಡೀತೈತಿ ಅಂತ ನಿಯಮ ತಿದ್ದಿತು, ಆ ಕಿಟ್ಟಿನ್ಯಾಗ ಇರೋದು ಇಂಥಾ ದ್ರಾವಣಾನ. ಬಳಸಿದ್ರ ಪಂಚರ್ ತಗಸೋ ದಿನ ಸೆನ್ಸರ್ ತೊಳಸ್ರಿ.

ಈಗ ಅಸಲಿ ತಲಿನೋವು, ಗುರ್ತು ಹಿಡಿಸೋದು. ಇಲ್ಲಿ ಎಲ್ಲಾರೂ ರಿಸೆಟ್ ಅಂದ್ರ ಕಲಿಸೋದು ಅಂತ ತಿಳ್ಕೊತಾರ, ಎರಡೂ ಬ್ಯಾರೆ. ಸ್ಟೀರಿಂಗ್ ಕೆಳಗಿನ ಸೆಟ್ ಬಟನ್ನು ಲೈಟ್ ಮೂರು ಸಲ ಮಿಣಕ್ ಅನ್ನೋ ತನಕ ಒತ್ತಿ ಹಿಡಿಯೋದು ಟೊಯೋಟಾದಂಥಾ ಗಾಡ್ಯಾಗ ಇರ್ತೈತಿ, ಅದು "ಈಗಿರೋ ಗಾಳಿನ ಸರಿಯಾದ ಗಾಳಿ ಅಂತ ತಿಳ್ಕೋ" ಅಂತ ಹೇಳೋದು, ಅಷ್ಟ. ಹೊಸ ಸೆನ್ಸರಿನ ಐಡಿ ಅದರಿಂದ ಒಳಗ ಹೋಗಂಗಿಲ್ಲ. ನಾ ಒಂದು ಸಂಜಿ ಪೂರಾ ಆ ಬಟನ್ ಒತ್ತಿ ಒತ್ತಿ ಬೆರಳ ನೋಯಿಸ್ಕೊಂಡೀನಿ.

ಕಲಿಸಾಕ ಮೂರು ದಾರಿ, ನಿಮ್ಮ ಗಾಡಿಗೆ ಯಾವುದು ಅಂತ ಮ್ಯಾನುಯಲ್‌ನಾಗ ನೋಡ್ಬೇಕು. ಕೆಲವು ತಾವ ಕಲಿತಾವು, ಒಂದು 15–20 ನಿಮಿಷ ನಿಲ್ಲಸದ ಓಡಿಸಿದ್ರ ಸಾಕು. ಸೆನ್ಸರ್ ನಿಂತಾಗ ಮಲಗಿರ್ತಾವು, ಗಾಲಿ ತಿರುಗಿದ ಮ್ಯಾಲೆ ಎಚ್ಚರಾಗಿ ಸುಮಾರು ನಿಮಿಷಕ್ಕೊಮ್ಮೆ ಮಾತಾಡ್ತಾವು. ನಮಗ ಇದಕ್ಕ ಗಿಣಿಗೇರಾ ದಾಟಿ ಮುನಿರಾಬಾದ್ ಕಡೆ ಹೋಗೋ ಹೈವೇ ಚಲೋ, ಊರೊಳಗ ಸಿಗ್ನಲ್ಲು, ಎತ್ತಿನ ಗಾಡಿ, ಹಂಪು ಅಂತ ನಿಂತು ನಿಂತು ಹೋದ್ರ ಕಲಿಯಂಗಿಲ್ಲ. ಎರಡನೇದು, ಗಾಡಿನ ಕಲಿಯೋ ಮೋಡ್‌ಗೆ ಹಾಕಿ ಒಂದೊಂದ ಗಾಲಿ ನೆಕ್ಕಿನ ಹತ್ರ ಟೂಲ್ ಹಿಡಿಯೋದು, ಅದು 125 ಕಿಲೋಹರ್ಟ್ಸ್ ಸಿಗ್ನಲ್ ಬಿಟ್ಟು ಮಲಗಿದ ಸೆನ್ಸರ್ ಎಬ್ಬಸ್ತೈತಿ, ಗಾಡಿ ಹಾರ್ನ್ ಹೊಡಿತೈತಿ ಇಲ್ಲಾ ಇಂಡಿಕೇಟರ್ ಮಿಣಕ್ ಅಂತೈತಿ, ಮುಂದಿನ ಗಾಲಿಗೆ ಹೋಗ್ಬೇಕು. ಮೂರನೇದು, ಟೂಲ್‌ನಿಂದ ನಾಕೂ ಐಡಿ ಓದಿ ಒಬಿಡಿ ಪೋರ್ಟಿಗೆ (ಗಾಡಿ ಕಂಪ್ಯೂಟರಿಗೆ ಟೂಲ್ ಜೋಡ್ಸೋ ಕಿಂಡಿಗೆ) ಹಚ್ಚಿ ಕಂಪ್ಯೂಟರಿಗೆ ಬರಿಯೋದು, ಜಪಾನ್ ಗಾಡ್ಯಾಗ ಇದು ಜಾಸ್ತಿ. ಸಾದಾ ಬ್ಲೂಟೂತ್ ಒಬಿಡಿ ಡಾಂಗಲ್ಲಿಗೆ ಸೆನ್ಸರ್ ಎಬ್ಬಿಸಾಕ ಆಗಂಗಿಲ್ಲ, ಟಿಪಿಎಂಎಸ್ ಟೂಲ್ ಇರೋ ಟೈರ್ ಅಂಗಡಿ ಹುಡುಕ್ರಿ, ಹೋಗೋಕಿಂತ ಮೊದ್ಲ ಫೋನ್ ಹಚ್ಚಿ ಕೇಳ್ರಿ, ಬೋರ್ಡ್ ನೋಡಿ ಹೋಗಬ್ಯಾಡ್ರಿ.

ಎರಡನೇ ದಾರ್ಯಾಗ ಕ್ರಮ ತಪ್ಪಬಾರದು. ಬಹಳ ಗಾಡಿಗೆ ಎಡಗಡೆ ಮುಂದಿಂದು, ಬಲಗಡೆ ಮುಂದಿಂದು, ಬಲಗಡೆ ಹಿಂದಿಂದು, ಎಡಗಡೆ ಹಿಂದಿಂದು, ಹಿಂಗ ಗಡಿಯಾರದ ಮುಳ್ಳಿನಂಗ. ಅಮೆರಿಕದ ವಿಡಿಯೋದಾಗ "ಡ್ರೈವರ್ ಕಡೆ ಮುಂದಿನ ಗಾಲಿಯಿಂದ" ಅಂತಾನ, ಅವರ ಡ್ರೈವರ್ ಕೂಡೋದು ಎಡಕ್ಕ, ನಮ್ಮವ ಬಲಕ್ಕ. ಅದನ್ನ ಹಂಗ ಮಾಡಿದ್ರ ಎಡ ಬಲ ಅದಲು ಬದಲು ಆಗಿ, ಬಲಗಡೆ ಟೈರ್ ಪಂಚರ್ ಆದ್ರ ಎಡಗಡೆ ಅಂತ ತೋರ್ಸ್ತೈತಿ. ಎಡ ಬಲ ಅಂದ್ರ ಸೀಟಿನ್ಯಾಗ ಮುಂದ ಮುಖ ಮಾಡಿ ಕುಂತಾಗಿಂದು. ಟೂಲ್ ಹಿಡಿದ್ರೂ ಸೆನ್ಸರ್ ಉತ್ತರ ಕೊಡ್ಲಿಲ್ಲಂದ್ರ ಆ ಟೈರಿಂದ ಐದಾರು ಪಿಎಸ್‌ಐ ಗಾಳಿ ಬರಕ್ಕನ ಬಿಟ್ಟು ಮತ್ತ ಹಿಡೀರಿ, ಕೆಲವು ಅದಕ್ಕ ಏಳ್ತಾವು. ಬಾಜೂಕ ಇನ್ನೊಂದು ಸೆನ್ಸರ್ ಇರೋ ಗಾಡಿ ನಿಂತಿದ್ರ ದೂರ ಒಯ್ರಿ. ಮುಂದ ಟೈರ್ ಹಿಂದ ಮುಂದ ರೊಟೇಶನ್ ಮಾಡ್ಸಿದ್ರ, ತಾನ ಜಾಗ ಗುರ್ತಿಸದ ಗಾಡಿಗೆ ಇದೆಲ್ಲಾ ಮತ್ತೊಮ್ಮೆ.

ಗಾಳಿ ಎಷ್ಟು ಅನ್ನೋದು ಡ್ರೈವರ್ ಬಾಗಿಲ ಕಂಬದ ಸ್ಟಿಕರ್ ನೋಡಿ ಹಾಕ್ರಿ, ಟೈರಿನ ಬಾಜೂಕ ಬರದದ್ದು ಗರಿಷ್ಠದ ಲೆಕ್ಕ. ಬೆಳಿಗ್ಗೆ ಗಾಡಿ ತಗಿಯೋಕಿಂತ ಮೊದ್ಲ, ತಣ್ಣಗ ಇದ್ದಾಗ. ಸುಮಾರು 5–6 ಡಿಗ್ರಿ ಬಿಸಿ ಏರಿದ್ರ 1 ಪಿಎಸ್‌ಐ ಏರ್ತೈತಿ, ನಮ್ಮ ರಾಯಚೂರು ಕೊಪ್ಪಳದ ಏಪ್ರಿಲ್ ಮೇ ಬಿಸಲಾಗ ಹೈವೇ ಮ್ಯಾಲೆ ಓಡಿ ಬಂದ ಟೈರು 33ರ ಬದ್ಲಿ 37, 38 ತೋರ್ಸಿದ್ರ ಗಾಬರಿ ಆಗಿ ಗಾಳಿ ಬಿಡಬ್ಯಾಡ್ರಿ. ಮರದಿನ ಮುಂಜಾನಿ ಕಡಿಮಿ ಆಗಿ ಲೈಟ್ ಹತ್ತತೈತಿ, ಸೆನ್ಸರ್ ಕೆಟ್ಟೈತಿ ಅಂತ ಮತ್ತ ಅಂಗಡಿಗೆ ಓಡ್ತೀರಿ.

ಎಲ್ಲಾ ಆದ ಮ್ಯಾಲೆ ಪರೀಕ್ಷಾ ಮಾಡ್ರಿ. ಒಂದು ಟೈರಿನ ಗಾಳಿ ಇಳಸ್ರಿ, 33 ಇದ್ದದ್ದು 24ರ ತನಕ, ಬಹಳ ಗಾಡಿ ಕಾಲು ಭಾಗ ಇಳಿದ್ರ ಲೈಟ್ ಹಚ್ತಾವು. ಅಲ್ಲೇ ಮೆಲ್ಲಗ ಒಂದೆರಡು ಸುತ್ತು ಹೊಡೀರಿ, ಅದ ಟೈರ ತೋರ್ಸಿತೋ ಇಲ್ಲೋ ನೋಡ್ರಿ, ಆಮ್ಯಾಲೆ ಗಾಳಿ ತುಂಬಸ್ರಿ. ನಾಕೂ ಐಡಿ ಯಾವ ಗಾಲಿಗೆ ಯಾವುದು ಅಂತ ಚೀಟಿ ಬರದು ಆರ್‌ಸಿ ಜೊತಿ ಡ್ಯಾಶ್ ಡಬ್ಬ್ಯಾಗ ಇಡ್ರಿ, ಮುಂದ ಸೆನ್ಸರ್ ಸತ್ತಾಗ ಟೈರ್ ಬಿಚ್ಚದ ಹೊಸದು ಬರದು ತಯಾರ ಇಟ್ಕೋಬಹುದು. ನಾ ಇನ್ನೊಂದು ಮಾಡೀನಿ, ಪ್ರತಿ ಡಿಸ್ಕಿನ ಮ್ಯಾಲೆ ನೆಕ್ಕಿನ ಬಾಜೂಕ ಕೆಂಪು ಪೇಂಟಿಲೆ ಒಂದು ಚುಕ್ಕಿ ಹಚ್ಚೀನಿ. ನಾ ಇಲ್ದಾಗ ತಮ್ಮ ಗಾಡಿ ಒಯ್ದು ಸಿಂಧನೂರ ಹತ್ರ ಪಂಚರ್ ಮಾಡ್ಕೊಂಡ, ಚುಕ್ಕಿ ನೋಡಿ ಅಂಗಡಿಯವನ "ಇದೇನ್ರಿ ಇದು?" ಅಂತ ಕೇಳಿದ್ನಂತ, ಕೇಳಿದ್ದಕ್ಕ ಸೆನ್ಸರ್ ಉಳೀತು.