ರ‍್ಯಾಂಗ್ಲರ್ ಟಿಜೆಗೆ ಲಾಂಗ್ ಆರ್ಮ್ ಕೂರಿಸಿದ್ದು: ಆರ್ಮ್ ಸುಲಭ, ಬ್ರಾಕೆಟ್ಟೇ ಕೆಲಸ

ಗಾಡಿ 2003ರ ಜೀಪ್ ರ‍್ಯಾಂಗ್ಲರ್ ಟಿಜೆ. 4.0 ಲೀಟರ್ ಎಂಜಿನ್, ಮುಂದೆ ಡೇನಾ 30, ಹಿಂದೆ ಡೇನಾ 44 ಆಕ್ಸಲ್, 33 ಇಂಚಿನ ಟಯರು. ಗಾಡಿಯನ್ನು ಎತ್ತರಿಸುವ 4 ಇಂಚಿನ ಲಿಫ್ಟ್ ಮೊದಲೇ ಹಾಕಿತ್ತು, ಆದರೆ ಆಕ್ಸಲನ್ನು ಚಾಸಿಗೆ ಹಿಡಿದಿಡುವ ಆರ್ಮ್‌ಗಳು ಕಂಪನಿ ಕೊಟ್ಟ ಗಿಡ್ಡವೇ. ಕೆಲಸ ನಡೆದದ್ದು ಅಮೆರಿಕದ ಮನೆ ಗ್ಯಾರೇಜಿನಲ್ಲಿ, ನಾಲ್ಕು ಜಾಕ್ ಸ್ಟ್ಯಾಂಡ್ ಮೇಲೆ.

ಉದ್ದ ಆರ್ಮ್ ಯಾಕೆ ಬೇಕು ಅನ್ನುವುದಕ್ಕೆ ಲೆಕ್ಕ ಸಾಕು. ಕಂಪನಿಯ ಕೆಳ ಆರ್ಮ್ ಸುಮಾರು 16 ಇಂಚು. ಗಾಡಿ 4 ಇಂಚು ಎದ್ದರೆ ಅದರ ಇಳಿಜಾರು 14 ಡಿಗ್ರಿ ದಾಟುತ್ತದೆ, ಮುಂದಿನ ಆಕ್ಸಲ್ ಅರ್ಧ ಇಂಚು ಹಿಂದಕ್ಕೆ ಸರಿಯುತ್ತದೆ. ಅದೇ 32 ಇಂಚಿನ ಆರ್ಮ್ ಆದರೆ 7 ಡಿಗ್ರಿ ಚಿಲ್ಲರೆ, ಸರಿಯುವುದು ಕಾಲು ಇಂಚು. ಮುಂದಿನ ಆರ್ಮ್ ಇಳಿಜಾರಾಗಿದ್ದರೆ, ಕಲ್ಲಿಗೆ ಬಡಿದ ಚಕ್ರ ಮೇಲೇಳಬೇಕಾದರೆ ಅದೇ ಕಲ್ಲಿನ ಕಡೆಗೆ ಮುಂದೆ ಚಲಿಸಬೇಕು. ಲಿಫ್ಟ್ ಮಾಡಿದ ಟಿಜೆ ಸಣ್ಣ ಗುಂಡಿಗೂ ಸೊಂಟ ಮುರಿಯುವ ಹಾಗೆ ಒದೆಯುವುದು ಇದಕ್ಕೇ. ಸ್ಪ್ರಿಂಗ್ ಗಟ್ಟಿ ಅಂತ ಸ್ಪ್ರಿಂಗ್ ಬದಲಾಯಿಸಿ ದುಡ್ಡು ಕಳೆಯುವವರೇ ಹೆಚ್ಚು.

ಕಿಟ್ ಆರಿಸುವಾಗ ಎರಡು ವಿಷಯ ನೋಡಿದೆ. ಮುಂದೆ ರೇಡಿಯಸ್ ಆರ್ಮ್ ಬಗೆ, ಅಂದರೆ ಮೇಲಿನ ಗಿಡ್ಡ ಆರ್ಮ್ ಕೆಳಗಿನ ಉದ್ದ ಆರ್ಮಿನ ಬೆನ್ನ ಮೇಲೇ ಕೂರುತ್ತದೆ. ಜೋಡಿಸಲು ಸುಲಭ, ಆದರೆ ಒಂದು ಚಕ್ರ ಮೇಲೆ ಒಂದು ಕೆಳಗೆ ಹೋದಾಗ ಎರಡೂ ಕಡೆಯ ಆರ್ಮ್ ಸೇರಿ ಆಕ್ಸಲನ್ನೇ ತಿರುಚಲು ನೋಡುತ್ತವೆ. ಬಂಡೆ ಹತ್ತುವುದೇ ಮುಖ್ಯ ಅನ್ನುವವರು ಮೂರೇ ಆರ್ಮ್ ಇರುವ ತ್ರೀ ಲಿಂಕ್ ತೆಗೆದುಕೊಳ್ಳಲಿ. ಹಿಂದೆ ನಾಲ್ಕು ಆರ್ಮ್ ಜೊತೆಗೆ ಆಕ್ಸಲ್ ಎಡಬಲಕ್ಕೆ ಸರಿಯದಂತೆ ತಡೆಯುವ ಟ್ರ್ಯಾಕ್ ಬಾರ್ ಉಳಿಸಿಕೊಂಡೆ. ಟ್ರ್ಯಾಕ್ ಬಾರ್ ಬೇಡ ಅಂದರೆ ಮೇಲಿನ ಆರ್ಮ್‌ಗಳನ್ನು ತ್ರಿಕೋನವಾಗಿ ಇಡಬೇಕು, ಅದಕ್ಕೆ ಆಕ್ಸಲ್ ಟ್ಯೂಬಿನ ಮೇಲೆ ವೆಲ್ಡ್ ಮಾಡಬೇಕು, ಬಿಸಿಗೆ ಟ್ಯೂಬ್ ಬಾಗುವ ಅಪಾಯ ಬೇರೆ.

ದುಡ್ಡು ಕೊಡುವ ಮೊದಲೇ ಚಾಸಿ ಪರೀಕ್ಷೆ ಮಾಡಿ. ಟಿಜೆ ಚಾಸಿಯೊಳಗೆ ಕೆಸರು ನಿಂತು ಒಳಗಿನಿಂದಲೇ ತುಕ್ಕು ತಿನ್ನುತ್ತದೆ, ಅದೂ ಹಿಂದಿನ ಕೆಳ ಆರ್ಮ್ ಬ್ರಾಕೆಟ್ ಸುತ್ತಲೇ ಹೆಚ್ಚು. ಹೊರಗೆ ಬಣ್ಣ ನೆಟ್ಟಗಿರುತ್ತದೆ. ಸುತ್ತಿಗೆಯಲ್ಲಿ ತಟ್ಟುತ್ತಾ ಹೋದರೆ ಠಣ್ ಅನ್ನುವ ಕಡೆ ಉಕ್ಕಿದೆ, ಡಬ್ ಅನ್ನುವ ಕಡೆ ಮುಗಿದಿದೆ. ಅಂಥ ಜಾಗ ಸಿಕ್ಕಿದರೆ ಮೊದಲು ಅಲ್ಲಿ ಹೊಸ ಪ್ಲೇಟ್, ಆಮೇಲೆ ಕಿಟ್.

ಬಿಚ್ಚುವ ಮೊದಲು ಅಳತೆ. ಎರಡೂ ಕಡೆ ಆಕ್ಸಲ್ ನಡುವಿನಿಂದ ಚಾಸಿಯ ಒಂದು ಗೊತ್ತಾದ ತೂತಿಗೆ ಎಷ್ಟು, ವೀಲ್‌ಬೇಸ್ ಎಷ್ಟು (ಟಿಜೆಗೆ 93.4 ಇಂಚು), ಚಕ್ರದ ನಡುವಿನಿಂದ ಫೆಂಡರ್ ಅಂಚಿಗೆ ಎಷ್ಟು, ಎಲ್ಲ ಬರೆದಿಡಿ. ಒಂದು ಸಲಕ್ಕೆ ಒಂದೇ ಆಕ್ಸಲ್ ಬಿಚ್ಚಿ. ಎರಡೂ ಒಟ್ಟಿಗೆ ಬಿಚ್ಚಿದರೆ ಅಳೆಯಲು ಆಧಾರವೇ ಉಳಿಯುವುದಿಲ್ಲ.

ಹಳೆ ಬೋಲ್ಟುಗಳು ಆರ್ಮ್ ತುದಿಯ ರಬ್ಬರ್ ಬುಶ್ಶಿನ ಒಳ ಕೊಳವೆಗೆ ಅಂಟಿಕೊಂಡಿರುತ್ತವೆ. ತಲೆ ತಿರುಗುತ್ತದೆ, ಬೋಲ್ಟ್ ಹೊರಗೆ ಬರುವುದಿಲ್ಲ, ಜೊತೆಗೆ ರಬ್ಬರೂ ಸುತ್ತುತ್ತದೆ. ಚಾಸಿ ಕಡೆಯವಕ್ಕೆ ಕನಿಕರ ಬೇಡ, ಬ್ರಾಕೆಟ್ ಸಮೇತ ಕತ್ತರಿಸುವುದೇ ತಾನೆ. ಆಕ್ಸಲ್ ಕಡೆಯ ಬ್ರಾಕೆಟ್ ಮಾತ್ರ ಉಳಿಯಬೇಕು. ಅಲ್ಲಿ ಬುಶ್ ಮತ್ತು ಬ್ರಾಕೆಟ್ ನಡುವಿನ ಸಂದಿಯಲ್ಲಿ ಗರಗಸದ ಬ್ಲೇಡ್ ಹಾಕಿ ಎರಡೂ ಕಡೆ ಬೋಲ್ಟನ್ನೇ ಕೊಯ್ದೆ.

ಚಾಸಿಯಲ್ಲಿ ಕತ್ತರಿಸಬೇಕಾದ ಬ್ರಾಕೆಟ್ ಒಟ್ಟು 8. ನಾಲ್ಕೂವರೆ ಇಂಚಿನ ಗ್ರೈಂಡರ್‌ನಲ್ಲಿ ವೆಲ್ಡ್ ಗೆರೆಗೆ 3 ಮಿ.ಮೀ. ಹೊರಗೆ ಕೊಯ್ದು, ಉಳಿದ ತುಂಡನ್ನು ಫ್ಲಾಪ್ ಡಿಸ್ಕಿನಲ್ಲಿ ಸವೆಸುತ್ತಾ ಬರಬೇಕು. ಆತುರಕ್ಕೆ ಚಾಸಿಯನ್ನೇ ಸವೆಸಿದರೆ, ಇರುವುದೇ 3 ಮಿ.ಮೀ. ಆಸುಪಾಸಿನ ದಪ್ಪ, ಅದೂ ಹೋಯಿತು. ಕಿಡಿ ಹಾರುವ ಮುಂಚೆ ಇಂಧನದ ಪೈಪು, ಬ್ರೇಕ್ ಪೈಪುಗಳನ್ನು ವೆಲ್ಡಿಂಗ್ ಹೊದಿಕೆಯಿಂದ ಮುಚ್ಚಿ, ಗಾಡಿಯೊಳಗಿನ ಕಾರ್ಪೆಟ್ ಎತ್ತಿಬಿಡಿ. ಬಿಸಿಗೆ ಕಾರ್ಪೆಟ್ ಒಳಗೊಳಗೇ ಹೊಗೆಯಾಡಿದರೆ ಕೆಳಗೆ ಮಲಗಿದವನಿಗೆ ಗೊತ್ತಾಗುವುದಿಲ್ಲ.

ಹೊಸ ಬ್ರಾಕೆಟ್‌ಗಳಿಗೆ ಮೊದಲು ಟ್ಯಾಕ್, ಅಂದರೆ ತಾತ್ಕಾಲಿಕ ಚುಕ್ಕಿ ವೆಲ್ಡ್ ಮಾತ್ರ. ಕರ್ಣಗಳನ್ನು ಅಳೆದು ಎರಡರ ವ್ಯತ್ಯಾಸ 3 ಮಿ.ಮೀ. ಒಳಗೆ ಬಂದ ಮೇಲೆ, ಸ್ಪ್ರಿಂಗ್ ತೆಗೆದು ಆಕ್ಸಲನ್ನು ಜಾಕ್‌ನಲ್ಲಿ ಮೇಲೆ ಕೆಳಗೆ ಆಡಿಸಿದೆ. ಒಂದು ಕಡೆ ಪೂರ್ತಿ ಮೇಲೆ, ಇನ್ನೊಂದು ಕಡೆ ಪೂರ್ತಿ ಕೆಳಗೆ, ಸ್ಟೀರಿಂಗ್ ಎರಡೂ ತುದಿಗೆ. ಆರ್ಮ್ ಟಯರಿಗೆ ತಾಗುವುದು, ಪ್ರೊಪೆಲ್ಲರ್ ಶಾಫ್ಟ್ ಕ್ರಾಸ್‌ಮೆಂಬರಿಗೆ ಉಜ್ಜುವುದು, ಬ್ರೇಕ್ ಹೋಸ್ ಬಿಗಿಯಾಗುವುದು, ಶಾಕ್ ಅಬ್ಸಾರ್ಬರ್ ತಳ ಮುಟ್ಟುವುದು, ಎಲ್ಲ ಇಲ್ಲೇ ಬಯಲಾಗುತ್ತದೆ. ಆಕ್ಸಲ್ ಮಿತಿ ಮೀರಿ ಮೇಲೇರದಂತೆ ತಡೆಯುವ ಬಂಪ್ ಸ್ಟಾಪಿನ ಎತ್ತರ ನಿರ್ಧರಿಸಿದ್ದೂ ಇಲ್ಲೇ. ಈ ಹಂತ ಬಿಟ್ಟು ನೇರ ಪೂರ್ತಿ ವೆಲ್ಡಿಗೆ ಇಳಿದವರು ಮತ್ತೆ ಗ್ರೈಂಡರ್ ಹಿಡಿಯುತ್ತಾರೆ.

ವೆಲ್ಡಿಗೆ 220 ವೋಲ್ಟಿನ ಮಿಗ್ (ತಂತಿ ಉಣಿಸುವ) ಯಂತ್ರ, 0.035 ಇಂಚಿನ ತಂತಿ, 75 ಪಾಲು ಆರ್ಗಾನ್, 25 ಪಾಲು ಇಂಗಾಲದ ಡೈಆಕ್ಸೈಡ್. ಬ್ಯಾಟರಿ ಬಿಚ್ಚಿಟ್ಟು, ಅರ್ಥ್ ಕ್ಲಾಂಪನ್ನು ವೆಲ್ಡ್ ಜಾಗದ ಪಕ್ಕದಲ್ಲೇ ಹಾಕಿ. ಬ್ರಾಕೆಟ್ 6 ಮಿ.ಮೀ., ಚಾಸಿ ಅದರರ್ಧ. ಆದ್ದರಿಂದ ಬಿಸಿಯನ್ನು ಬ್ರಾಕೆಟ್ ಮೇಲೆ ಹಿಡಿದು ಕರಗಿದ ಲೋಹವನ್ನು ಚಾಸಿ ಕಡೆಗೆ ಎಳೆಯಬೇಕು. ತಿರುಗಾಮುರುಗಾ ಆದರೆ ಚಾಸಿಗೆ ತೂತು, ಬ್ರಾಕೆಟ್ಟಿಗೆ ಬರೀ ಮೇಲ್ಮೇಲೆ ಅಂಟು. ನೋಡಲು ಮಣಿ ಪೋಣಿಸಿದ ಹಾಗೆ ಚೆಂದ ಇರುತ್ತದೆ, ಒಳಗೆ ಹಿಡಿದಿರುವುದಿಲ್ಲ. ಒಂದೊಂದು ಇಂಚು, ಎಡಕ್ಕೊಂದು ಬಲಕ್ಕೊಂದು, ನಡುವೆ ಆರಲು ಬಿಡಿ. ಚಾಸಿಗೆ ಅಡ್ಡಲಾಗಿ ನೇರ ಗೆರೆ ಎಳೆಯಬೇಡಿ, ಮುಂದೆ ಬಿರುಕು ಬಿಡುವುದು ಆ ಗೆರೆಯಲ್ಲೇ. ಮೇಲ್ಮುಖ ವೆಲ್ಡಿಂಗ್ ಅಭ್ಯಾಸ ಇಲ್ಲದವರು ಟ್ಯಾಕ್‌ವರೆಗೆ ತಾವೇ ಮಾಡಿ, ಮಿಕ್ಕದ್ದನ್ನು ಪಳಗಿದ ವೆಲ್ಡರಿಗೆ ಬಿಡುವುದು ಸರಿ.

ಸ್ಪ್ರಿಂಗ್ ಕೂರಿಸಿ ಭಾರ ಚಕ್ರದ ಮೇಲೆ ಬಂದ ಮೇಲೆ ಕೋನಗಳು. ಹಿಂದೆ ಸ್ಲಿಪ್ ಯೋಕ್ ಎಲಿಮಿನೇಟರ್ (ಶಾಫ್ಟಿನ ಜಾರುವ ಜೋಡಣೆ ತೆಗೆದುಹಾಕುವ ಕಿಟ್) ಹಾಕಿ, ಒಂದು ತುದಿಯಲ್ಲಿ ಜೋಡಿ ಕೀಲಿರುವ ಡಬಲ್ ಕಾರ್ಡನ್ ಶಾಫ್ಟ್ ಕೊಟ್ಟಿದ್ದರಿಂದ, ಪಿನಿಯನ್ (ಶಾಫ್ಟ್ ಬಂದು ಸೇರುವ ಆಕ್ಸಲಿನ ಮೂತಿ), ಎರಡೂ ಆಕ್ಸಲಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿನ ಕಡೆಗೇ ಮುಖ ಮಾಡಬೇಕು, 1ರಿಂದ 2 ಡಿಗ್ರಿ ಕೆಳಗೆ. ಆಕ್ಸಿಲರೇಟರ್ ಒತ್ತಿದಾಗ ಪಿನಿಯನ್ ಮೂತಿ ಎತ್ತುತ್ತದೆ, ಅದಕ್ಕೆ ಆ ಬಿಡುವು. ಮುಂದಿನ ಆಕ್ಸಲಿಗೆ ಹಾಗೆ ಮಾಡಲಾಗುವುದಿಲ್ಲ. ಪಿನಿಯನ್ ಎತ್ತಿದಷ್ಟೂ ಕ್ಯಾಸ್ಟರ್ (ಚಕ್ರ ತಿರುಗಿಸುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಇಳಿಯುತ್ತದೆ. ಟಿಜೆಗೆ ಮುಂದೆ, ಚಕ್ರವನ್ನು ಆಕ್ಸಲಿನಿಂದ ಬಿಡಿಸುವ ಲಾಕಿಂಗ್ ಹಬ್ ಇಲ್ಲದ್ದರಿಂದ ಆ ಶಾಫ್ಟ್ ಸದಾ ತಿರುಗುತ್ತದೆ, ಟೂ ವೀಲ್‌ನಲ್ಲೂ ಅದುರು ಕೇಳುತ್ತದೆ. ಕ್ಯಾಸ್ಟರ್ 5 ಡಿಗ್ರಿಗೆ ನಿಲ್ಲಿಸಿದೆ. 6 ಕೊಟ್ಟರೆ ಸ್ಟೀರಿಂಗ್ ಇನ್ನೂ ಚೆನ್ನಾಗಿ ನೆಟ್ಟಗಾಗುತ್ತಿತ್ತು, ಹೆದ್ದಾರಿ ವೇಗದಲ್ಲಿ ಶಾಫ್ಟ್ ಗುಂಯ್ ಅನ್ನುತ್ತಿತ್ತು.

ಲಿಫ್ಟ್ ಆದ ಟಿಜೆಯಲ್ಲಿ ಮುಂದಿನ ಆಕ್ಸಲ್ ಡ್ರೈವರ್ ಕಡೆಗೆ ಸರಿದಿರುತ್ತದೆ, ಅದನ್ನು ಅಡ್ಜಸ್ಟ್ ಆಗುವ ಟ್ರ್ಯಾಕ್ ಬಾರ್‌ನಲ್ಲಿ ನಡುವಿಗೆ ತನ್ನಿ. ಟೋ ಇನ್ (ಮುಂದಿನ ಚಕ್ರಗಳು ಒಳಮುಖವಾಗಿರುವಷ್ಟು) ಕಾಲಿಂಚಿನ ಅರ್ಧ. ಸ್ಟೀರಿಂಗ್ ಚಕ್ರ ನೇರ ಮಾಡುವುದು ಕೊನೆಗೆ.

ರಬ್ಬರ್ ಬುಶ್ ಇರುವ ತುದಿಗಳ ಬೋಲ್ಟನ್ನು ಗಾಡಿ ನೆಲದ ಮೇಲೆ ನಿಂತಾಗಲೇ ಬಿಗಿಯಬೇಕು. ಗಾಳಿಯಲ್ಲಿ ತೂಗುವಾಗ ಬಿಗಿದರೆ ರಬ್ಬರ್ ತಿರುಚಿಕೊಂಡೇ ಕೂರುತ್ತದೆ, ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಅಡ್ಜಸ್ಟ್ ಆಗುವ ತುದಿಯಲ್ಲಿ ತಿರುಪು (ಥ್ರೆಡ್) ಕನಿಷ್ಠ ಅದರ ದಪ್ಪದಷ್ಟು ಆಳ ಒಳಗೆ ಹೋಗಿರಲಿ.

ಬೆಂಗಳೂರಿನಿಂದ ಓದುವವರಿಗೆ ಒಂದು ಮಾತು: 2020ರ ನಂತರದ ಥಾರ್‌ಗೆ ಮುಂದೆ ಇಂಡಿಪೆಂಡೆಂಟ್ ಸಸ್ಪೆನ್ಷನ್, ಅಲ್ಲಿಗೆ ಈ ಕಿಟ್ಟಿನ ಲೆಕ್ಕ ಹೊಂದುವುದಿಲ್ಲ.

ಮೊದಲ 50 ಮೈಲಿಗೆ ಒಮ್ಮೆ, 500ಕ್ಕೆ ಇನ್ನೊಮ್ಮೆ ಎಲ್ಲ ಬೋಲ್ಟಿಗೂ ಟಾರ್ಕ್ ರೆಂಚ್ ಹಾಕಿದೆ. ಸಡಿಲ ಸಿಕ್ಕಿದ್ದು ಬೋಲ್ಟಲ್ಲ, ಹಿಂದಿನ ಬಲ ಆರ್ಮಿನ ಜಾಮ್ ನಟ್, ಅಂದರೆ ಅಡ್ಜಸ್ಟ್ ಆಗುವ ತುದಿ ತಿರುಗದಂತೆ ಹಿಡಿಯುವ ನಟ್. ಈಗ ಪ್ರತಿ ಜಾಮ್ ನಟ್ಟಿನ ಮೇಲೂ ಹಳದಿ ಬಣ್ಣದ ಗೆರೆ ಎಳೆದಿದೆ, ಗೆರೆ ಮುರಿದಿದ್ದರೆ ಬಗ್ಗಿ ನೋಡಿದ ಕೂಡಲೇ ಕಾಣುತ್ತದೆ.