ಒತ್ತಿದರೆ ಬಲಕ್ಕೆ, ಬಿಟ್ಟರೆ ಎಡಕ್ಕೆ: ಬ್ರೇಕ್ ಎಳೆತ ಹಿಡಿದ ನನ್ನ ಅನುಭವ

ಪ್ಯಾಡ್ ಹೊಸದು. ಡಿಸ್ಕ್ ಹೊಸದು. ಅಲೈನ್‌ಮೆಂಟ್ ಎರಡು ಊರಲ್ಲಿ ಮಾಡಿಸಿಯಾಗಿತ್ತು. ಆದರೂ ಬ್ರೇಕ್ ಒತ್ತಿದ ತಕ್ಷಣ ಗಾಡಿ ಬಲಕ್ಕೆ ಎಳೆಯುತ್ತಿತ್ತು. ಹಳೇ ವ್ಯಾಗನ್ ಆರ್, ಎಬಿಎಸ್ ಇಲ್ಲದ್ದು, ತೀರ್ಥಹಳ್ಳಿ ಕಡೆಯ ಮೇಷ್ಟ್ರೊಬ್ಬರದು. ಆಗಾಗ ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗುವವರು. ಆ 14 ಹೇರ್‌ಪಿನ್ ತಿರುವುಗಳಲ್ಲಿ ಗಾಡಿ ಹೀಗೆ ಮಾಡಿದರೆ ಪಕ್ಕದಲ್ಲಿ ಕೂತವರ ಗತಿ ಏನು ಹೇಳಿ. ನನ್ನ ಹತ್ತಿರ ಬರುವ ಹೊತ್ತಿಗೆ ಅವರ ಕೈಯಿಂದ ಎಂಟೊಂಬತ್ತು ಸಾವಿರ ಹೋಗಿತ್ತು, ಎಡಗಡೆ ಕ್ಯಾಲಿಪರ್‌ಗೆ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಸೀಲ್ ಕಿಟ್ ಹಾಕಿಸಿದ್ದೂ ಸೇರಿ.

ಎಲ್ಲರಿಗೂ ತಲೆ ಕೆಟ್ಟಿದ್ದು ಒಂದೇ ಕಡೆ. ಗಾಡಿ ಎಳೆಯುವುದು ಬಲಕ್ಕೆ, ಬಿಸಿಯಾಗುವುದು ಎಡಗಡೆ ಚಕ್ರ. ಬಿಸಿ ಇರುವ ಕಡೆಗೇ ತಾನೇ ಎಳೆಯಬೇಕು? ಹಾಗಂತ ಒಬ್ಬರು ಬಲಗಡೆ ಬಿಚ್ಚಿದರು, ಇನ್ನೊಬ್ಬರು ಎಡಗಡೆ ಬಿಚ್ಚಿದರು, ಎರಡು ಕಡೆಯ ಬಿಲ್ಲೂ ಮೇಷ್ಟ್ರೇ ಕೊಟ್ಟರು.

ನಾನು ಸ್ಪ್ಯಾನರ್ ಮುಟ್ಟುವ ಮೊದಲು ಖಾಲಿ ರಸ್ತೆಯಲ್ಲಿ ಓಡಿಸಿ ನೋಡಿದೆ. ಗಬಕ್ಕನೆ ಒತ್ತಿದರೆ ಜೋರಾಗಿ ಬಲಕ್ಕೆ. ನಿಧಾನವಾಗಿ, ಉದ್ದಕ್ಕೆ ಒತ್ತಿದರೆ ಹೆಚ್ಚುಕಡಿಮೆ ನೆಟ್ಟಗೆ. ಪೆಡಲ್ ಬಿಟ್ಟ ಮೇಲೆ ಸ್ವಲ್ಪ ದೂರ ಎಡಕ್ಕೆ ವಾಲುತ್ತದೆ, ಆಮೇಲೆ ಸರಿಹೋಗುತ್ತದೆ. ಅಂದರೆ ಎಡಗಡೆ ಒತ್ತಡ ತಡವಾಗಿ ಬರುತ್ತದೆ, ಅದಕ್ಕೇ ಬಲಕ್ಕೆ ಎಳೆತ; ತಡವಾಗಿ ಹೋಗುತ್ತದೆ, ಅದಕ್ಕೇ ಎಡಗಡೆ ಬಿಸಿ. "ಹೋಸ್ ಒಳಗೆ ಕಟ್ಟಿದೆ" ಅಂದೆ. ಹೋಸ್ ಅಂದರೆ ಕ್ಯಾಲಿಪರ್‌ಗೆ ಬ್ರೇಕ್ ಆಯಿಲ್ ಒಯ್ಯುವ ರಬ್ಬರ್ ಪೈಪು. ಸ್ಪೇರ್ ಅಂಗಡಿಯವರು ನಕ್ಕರು. "ಮಾರಾಯ್ರೆ, ಹೋಸ್ ಹೊರಗಡೆ ಒಂದು ಬಿರುಕೂ ಇಲ್ಲ, ಸುಮ್ನೆ ಯಾಕೆ ದುಡ್ಡು ದಂಡ?"

ಮುಂದಿನ ಎರಡೂ ಚಕ್ರ ಎತ್ತಿ ಸ್ಟ್ಯಾಂಡ್ ಕೊಟ್ಟೆ. ಹುಡುಗ ಪೆಡಲ್ ಒತ್ತಿ ಬಿಟ್ಟ. ಬಲಗಡೆ ಚಕ್ರ ತಕ್ಷಣ ತಿರುಗಿತು, ಎಡಗಡೆಯದು ಬಿಗಿಯಾಗೇ ಇತ್ತು, ಏಳೆಂಟು ಸೆಕೆಂಡ್ ಆದ ಮೇಲೆ ಸಡಿಲವಾಯಿತು. ಮತ್ತೆ ಒತ್ತಿಸಿ, ಬಿಡಿಸಿ, ಬಿಗಿಯಾಗಿರುವಾಗಲೇ ಹೋಸು ಕಬ್ಬಿಣದ ಪೈಪಿಗೆ ಸೇರುವ ನಟ್ ಸಡಿಲ ಮಾಡಿದೆ. ಚಕ್ರ ಬಿಡಲಿಲ್ಲ. ಆಗ ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಬಚಾವ್. ಕೂಡಲೇ ಕ್ಯಾಲಿಪರ್‌ನಿಂದ ಆಯಿಲ್ ಹೊರಬಿಡುವ ಬ್ಲೀಡ್ ನಿಪ್ಪಲ್ ತೆರೆದೆ, ಆಯಿಲ್ ಪುಳಕ್ಕನೆ ಹಾರಿತು, ಚಕ್ರ ಬಿಟ್ಟುಕೊಂಡಿತು. ಕ್ಯಾಲಿಪರ್ ಸರಿದಾಡುವ ಸ್ಲೈಡ್ ಪಿನ್ನೂ ಬಚಾವ್, ಪ್ಯಾಡ್ ತಳ್ಳುವ ಪಿಸ್ಟನ್ನೂ ಬಚಾವ್. ಉಳಿದದ್ದು ಒಂದು ಗೇಣು ರಬ್ಬರ್.

ತುಕ್ಕು ಹಿಡಿದ ನಿಪ್ಪಲ್ಲನ್ನು ಮುರಿಯದೆ ತೆಗೆಯುವುದಕ್ಕೆ ನನ್ನದೇ ಒಂದು ವಿಧಾನ ಇದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಹೊಟ್ಟೆಪಾಡು.

ಬಿಸಿ ನೋಡುವುದಕ್ಕೆ ಸಾವಿರ ರೂಪಾಯಿ ಒಳಗಿನ ಇನ್‌ಫ್ರಾರೆಡ್ ಗನ್ ಸಾಕು. ಆದರೆ ಹೊಳೆಯುವ ಡಿಸ್ಕಿಗೆ ಹಿಡಿಯಬೇಡಿ, ಕಡಿಮೆ ತೋರಿಸುತ್ತದೆ. ಕ್ಯಾಲಿಪರ್ ಮೈಗೋ, ಡಿಸ್ಕಿನ ತುಕ್ಕು ಹಿಡಿದ ನಡುಭಾಗಕ್ಕೋ ಹಿಡಿಯಿರಿ, ಎರಡೂ ಕಡೆ ಒಂದೇ ಜಾಗಕ್ಕೆ. ಈ ಗಾಡಿಯಲ್ಲಿ ಬಲಗಡೆ ಸುಮಾರು 80 ಡಿಗ್ರಿ, ಎಡಗಡೆ 140ರ ಆಸುಪಾಸು ಬಂದ ನೆನಪು. ಹೋಸ್ ಬದಲಾದ ಮೇಲೆ ಎರಡೂ ಹತ್ತು ಡಿಗ್ರಿ ಅಂತರದೊಳಗೆ ಬಂದವು.

ಹಳೇ ಹೋಸನ್ನು ಬಿಸಾಡಲು ಮನಸ್ಸಾಗಲಿಲ್ಲ. ತೊಳೆದು ಕಂಪ್ರೆಸರ್ ಗಾಳಿ ಬಿಟ್ಟೆ. ಒಂದು ತುದಿಯಿಂದ ಕಷ್ಟಪಟ್ಟು ಹೋಯಿತು, ಇನ್ನೊಂದರಿಂದ ಬರೀ ಸುಯ್ ಅಂತ ಸದ್ದು. ಉದ್ದಕ್ಕೆ ಸೀಳಿದರೆ ಮಧ್ಯದ ಬ್ರಾಕೆಟ್ ಇರುವಲ್ಲಿ ದಾರಿ ಸೂಜಿ ತೂರುವಷ್ಟೂ ಇಲ್ಲ. ಬ್ರಾಕೆಟ್ಟಿನ ಪಟ್ಟಿಯ ಒಳಗಡೆ ತುಕ್ಕು ಬೆಳೆದು ರಬ್ಬರನ್ನು ಹಿಸುಕಿಬಿಟ್ಟಿತ್ತು. ನಮ್ಮ ಕಡೆ ಮಳೆಗೆ ಇದು ಆಗದೆ ಇನ್ನೇನು. ಸೀಳಿದ ಹೋಸನ್ನು ಸ್ಪೇರ್ ಅಂಗಡಿಯ ಕೌಂಟರ್ ಮೇಲೆ ಇಟ್ಟು ಬಂದೆ, ಮಾತಾಡಲಿಲ್ಲ.

ಅಷ್ಟಕ್ಕೇ ಬಿಡದೆ ನನ್ನ ಸ್ವಂತ ಆಮ್ನಿಯಲ್ಲೂ ನೋಡಿದೆ. ಹೇಗೂ ಬಿಸಾಡಬೇಕಿದ್ದ ಹೋಸ್, ಅದಕ್ಕೆ ವೈಸ್‌ಗ್ರಿಪ್ (ಕಚ್ಚಿ ಹಿಡಿದುಕೊಳ್ಳುವ ಇಕ್ಕಳ) ಹಾಕಿ ಅರ್ಧಂಬರ್ಧ ಹಿಸುಕಿ, ಖಾಲಿ ಮೈದಾನದಲ್ಲಿ ನಡೆಯುವ ವೇಗದಲ್ಲಿ ಓಡಿಸಿದೆ. ಅದೇ ಎಳೆತ, ಅದೇ ಬಿಗಿ! ರಸ್ತೆಯಲ್ಲಿ ಈ ಹುಚ್ಚಾಟ ಬೇಡ. ಸರಿ ಇರುವ ಹೋಸಿಗಂತೂ ವೈಸ್‌ಗ್ರಿಪ್ ಹಾಕಲೇಬೇಡಿ, ಕೆಲವರು ಆಯಿಲ್ ನಿಲ್ಲಿಸಲು ಹಾಕುತ್ತಾರೆ, ಒಳಗಿನ ಪದರ ಹಾಳಾಗುವುದು ಅಲ್ಲಿಂದಲೇ.

ಖರ್ಚು ಎರಡು ಹೋಸಿಗೆ ಸಾವಿರದ ಹತ್ತಿರ, ಬ್ರೇಕ್ ಆಯಿಲ್ ಇನ್ನೂರು ಚಿಲ್ಲರೆ, ನನ್ನ ಕೂಲಿ ಆರುನೂರು. ಕೂಲಿ ಕಡಿಮೆ ಆಯಿತು ಅಂತ ಹೆಂಡತಿ ಇನ್ನೂ ಹೇಳುತ್ತಾಳೆ. ಮೇಷ್ಟ್ರು ಮಾತ್ರ ಅವತ್ತಿನಿಂದ ಮೂರು ಗಾಡಿ ಕಳಿಸಿದ್ದಾರೆ. ಅದರಲ್ಲಿ ಒಂದು ಇದೇ ಕಾಯಿಲೆ, ಒಂದು ಸ್ಲೈಡ್ ಪಿನ್ ಜಾಮ್, ಇನ್ನೊಂದಕ್ಕೆ ಬರೀ ಟೈರ್ ಎಡಬಲ ಬದಲಾಯಿಸಿದ್ದಕ್ಕೇ ಎಳೆತವೂ ಆಚೆ ಬದಿಗೆ ಹೋಯಿತು, ಅಂದರೆ ಬ್ರೇಕೇ ಅಲ್ಲ.

ಒಂದೇ ಹೋಸ್ ಸಾಕು ಅಂತ ಗಿರಾಕಿ ಹಠ ಹಿಡಿದರೆ ನಾನು ಒಪ್ಪುವುದಿಲ್ಲ. ಒಂದು ಹಳೇದು ಒಂದು ಹೊಸದು ಇಟ್ಟರೆ ಮುಂದೆ ಆ ಹಳೇದೂ ಕಟ್ಟಿ ಗಾಡಿ ಎದುರು ಬದಿಗೆ ಎಳೆಯುತ್ತಾ ವಾಪಸ್ ಬರಬಹುದು, ಬೈಗುಳ ನನಗೆ. ಹೋಸ್ ಸೇರುವಲ್ಲಿ ತಾಮ್ರದ ವಾಷರ್ ಇರುವ ಗಾಡಿಯಾದರೆ ಅದನ್ನೂ ಹೊಸದೇ ಹಾಕಿ, ಹತ್ತಿಪ್ಪತ್ತು ರೂಪಾಯಿಗೆ ಜುಗ್ಗತನ ಮಾಡಿದರೆ ಆಯಿಲ್ ಜಿನುಗಿ ಹೊಸ ಪ್ಯಾಡೂ ಹೋಗುತ್ತದೆ.